ಮಳೆಗಾಲದಲ್ಲಿ ಕಾರ್ಪೆಟ್ ಮೇಲೆ ಕಾಫಿ ಚೆಲ್ಲಿದ್ರೆ: ಬಕೆಟ್ ಮುಟ್ಟಬೇಡಿ

ಹಾಂ, ಶುರು ಮಾಡೋಣ. ಹಿಂದೆ ಕೇಳ್ತಿರೋ ಸದ್ದು ಮೈಕಿನ ದೋಷ ಅಲ್ಲ, ಹಂಚಿನ ಮೇಲೆ ಬೀಳ್ತಿರೋ ಪುನರ್ವಸು ಮಳೆ. ಅದು ನಿಲ್ಲೋ ತನಕ ಕಾದ್ರೆ ಈ ವಿಡಿಯೋ ಗಣಪತಿ ಹಬ್ಬಕ್ಕೇ ಬರೋದು. ಹಾಗಾಗಿ ಮಳೆ ಮಳೆ ಪಾಡಿಗೆ, ನಾವು ನಮ್ಮ ಪಾಡಿಗೆ.

ಕಾಣ್ತಿದೆಯಲ್ಲ, ಫಿಲ್ಟರ್ ಕಾಫಿ, ಹಾಲು ಹಾಕಿದ್ದು, ಸುಮಾರು ಅರ್ಧ ಲೋಟ. ತಿಳಿ ಬೂದು ಬಣ್ಣದ ಸಿಂಥೆಟಿಕ್ ಕಾರ್ಪೆಟ್, ಕೆಳಗೆ ರೆಡ್ ಆಕ್ಸೈಡ್ ನೆಲ. ಈ ಕಲೆ ತೆಗೆಯೋದು ದೊಡ್ಡ ವಿದ್ಯೆ ಏನಲ್ಲ, ಹದಿನೈದು ನಿಮಿಷದ ಕೆಲಸ. ಮಲೆನಾಡಲ್ಲಿ ಕಷ್ಟ ಇರೋದು ಕಲೇಲಿ ಅಲ್ಲ, ಒಣಗಿಸೋದ್ರಲ್ಲಿ. ಬಯಲುಸೀಮೆಯವರು ಒಂದು ಬಕೆಟ್ ನೀರು ಸುರಿದು ತಾರಸಿ ಮೇಲೆ ಹಾಕಿದ್ರೆ ಸಂಜೆಗೆ ಗರಿಗರಿ. ಆಗುಂಬೆ ಕಡೆ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತೆ. ಅಲ್ಲಿ ಹಾಗೆ ಮಾಡಿದ್ರೆ ಕಾರ್ಪೆಟ್ ಒಣಗಲ್ಲ, ಬೂಷ್ಟು ಹಿಡಿಯುತ್ತೆ. ಒಂದಿನ, ಹೆಚ್ಚಂದ್ರೆ ಎರಡು ದಿನ ಒದ್ದೆಯಾಗೇ ಇದ್ರೆ ಸಾಕು ಬೂಷ್ಟಿಗೆ. ಆದ್ದರಿಂದ ಮಳೆಗಾಲದಲ್ಲಿ ಲೆಕ್ಕ ಒಂದೇ: ಎಷ್ಟು ನೀರು ಹಾಕ್ತೀರೋ ಅಷ್ಟೂ ನೀರನ್ನ ನೀವೇ ವಾಪಸ್ ತೆಗೀಬೇಕು. ಬಿಸಿಲು ತೆಗೆದುಕೊಡಲ್ಲ.

ಬಟ್ಟೆ ಒತ್ತೋದು ನೋಡ್ತಿದ್ದೀರಲ್ಲ, ಅದಕ್ಕೆ ವಿವರಣೆ ಬೇಡ. ತಿಕ್ಕಬೇಡಿ, ಅಷ್ಟೇ. ತಿಕ್ಕಿದ್ರೆ ನೂಲಿನ ತಿರುಚು ಬಿಚ್ಚಿ ತುದಿ ಕೆದರುತ್ತೆ. ಕಲೆ ಪೂರ್ತಿ ಹೋದ್ರೂ ಆ ಜಾಗ ಮಂಕಾಗಿ ಕಾಣುತ್ತೆ, ನೋಡಿದವರು ಕಲೆ ಅಂತಾನೇ ಅಂದ್ಕೊಳ್ತಾರೆ. ಬಟ್ಟೆ ಮಡಚಿ ಅದರ ಮೇಲೆ ಹಿಮ್ಮಡಿ ಊರಿ ನಿಂತ್ಕೊಳ್ಳಿ. ಕೈಯಲ್ಲಿ ಒತ್ತೋದಕ್ಕೂ ಮೈಭಾರ ಹಾಕೋದಕ್ಕೂ ಎಷ್ಟು ವ್ಯತ್ಯಾಸ ಅಂತ ಆ ಬಟ್ಟೆ ನೋಡಿದ್ರೇ ಗೊತ್ತಾಗುತ್ತೆ. ಬಟ್ಟೆ ಹಳೇ ಬಿಳಿ ಪಂಚೆ. ಬೈರಾಸು, ಅಂದ್ರೆ ಮೈ ಒರೆಸೋ ಟವೆಲ್ಲು, ಬೇಡ ಮಾರಾಯ್ರೆ, ಅದರಲ್ಲೂ ಆ ಕೆಂಪು ಬೈರಾಸು. ಕಾಫಿ ಕಲೆ ತೆಗೆಯೋಕೆ ಹೋಗಿ ಕೆಂಪು ಕಲೆ ತಂದ್ಕೊಂಡ ಹಾಗಾಗುತ್ತೆ.

ಈಗ ದ್ರಾವಣ. 250 ಎಂ.ಎಲ್. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಕಾಲು ಚಮಚ. ಚಮಚ ಅಂದ್ರೆ ಟೀ ಚಮಚ. ಇಷ್ಟೇನಾ ಅನ್ನಿಸುತ್ತೆ. ಇಷ್ಟೇ. ಜಾಸ್ತಿ ಹಾಕಿದ್ರೆ ಸೋಪಿನ ಅಂಟು ನೂಲಿನಲ್ಲೇ ಉಳಿಯುತ್ತೆ, ಓಡಾಡೋ ಕಾಲಿನ ಮಣ್ಣೆಲ್ಲ ಅದಕ್ಕೇ ಹಿಡಿಯುತ್ತೆ. ತಿಂಗಳು ಬಿಟ್ಟು ನೋಡಿದ್ರೆ ತೊಳೆದ ಜಾಗ ಮಾತ್ರ ಕಪ್ಪು. "ಕಲೆ ಮತ್ತೆ ಬಂತು" ಅಂತಾರಲ್ಲ, ಅರ್ಧ ಕೇಸಲ್ಲಿ ಅದು ಕಲೆ ಅಲ್ಲ, ಉಳಿದ ಸೋಪಿಗೆ ಹಿಡಿದ ಮಣ್ಣು. ಬಟ್ಟೆ ಒಗೆಯೋ ಪುಡಿ ಅಂತೂ ಹಾಕಲೇಬೇಡಿ. ಅದು ಕ್ಷಾರ, ಉಣ್ಣೆಗೆ ಆಗಲ್ಲ. ಜೊತೆಗೆ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಅದರಲ್ಲಿ ಹಾಕಿರ್ತಾರಲ್ಲ ಹೊಳಪಿನ ವಸ್ತು, ಅದು ನೂಲಿಗೆ ಅಂಟಿ ಬೆಳಕಿಗೆ ನೀಲಿ ನೀಲಿ ಹೊಡೆಯುತ್ತೆ.

ದ್ರಾವಣ ಕಾರ್ಪೆಟ್ ಮೇಲೆ ಸುರಿಯೋದಲ್ಲ, ಬಟ್ಟೆ ಮೇಲೆ ಹಾಕ್ಕೊಳ್ಳಿ. ಕಲೆಯ ಅಂಚಿಂದ ನಡುವಿಗೆ ಬನ್ನಿ. ನಡುವಿಂದ ಹೊರಗೆ ಹೋದ್ರೆ ಕಲೆ ದೊಡ್ಡದಾಗುತ್ತೆ, ಬೇರೆ ಏನೂ ಆಗಲ್ಲ. ಹಾಲಿನ ಜಿಡ್ಡು, ಪ್ರೋಟೀನು ಇಲ್ಲಿಗೆ ಹೋಗುತ್ತೆ. ಕುದಿಯೋ ನೀರು ಬೇಡ, ಹಾಲು ಅಲ್ಲೇ ಹೆಪ್ಪುಗಟ್ಟಿದ ಹಾಗೆ ಕೂತುಬಿಡುತ್ತೆ. ರಕ್ತಕ್ಕೂ ಇದೇ ಮಾತು, ಅಲ್ಲಿ ಉಗುರುಬೆಚ್ಚಗೂ ಬೇಡ, ತಣ್ಣೀರೇ. ತೋಟದಿಂದ ಬಂದವರು ಕಾಲಲ್ಲಿ ಇಂಬಳ, ಅಂದ್ರೆ ಜಿಗಣೆ, ಇರೋದು ನೋಡದೆ ಸೀದಾ ಕಾರ್ಪೆಟ್ ಮೇಲೆ ಬಂದು ಕೂತಿರ್ತಾರೆ. ಇಂಬಳ ಕಚ್ಚಿದ ಗಾಯದಲ್ಲಿ ರಕ್ತ ಬೇಗ ಹೆಪ್ಪುಗಟ್ಟಲ್ಲ, ಅದರ ಜೊಲ್ಲೇ ಹಾಗೆ. ಅದಕ್ಕೇ ಹನಿ ಹನಿಯಾಗಿ ಇಳೀತಾ ಇರುತ್ತೆ, ಒಂದು ಕಲೆ ಬದಲು ಹತ್ತು. ಮೊದಲು ಕಾಲಿಗೆ ಬಟ್ಟೆ ಕಟ್ಟಿ, ಆಮೇಲೆ ಕಾರ್ಪೆಟ್.

ಕಾಫಿಗೆ ವಾಪಸ್. ಹಾಲು ಹೋಯ್ತು, ಈಗ ಉಳಿದಿರೋ ಈ ತಿಳಿ ಕಂದು, ಹತ್ತಿರದಿಂದ ನೋಡಿ, ಕಾಫಿಯ ಚೊಗರು, ಅಂದ್ರೆ ಒಗರಿನ ಕಂದು ಬಣ್ಣ. ಇದಕ್ಕೆ ವಿನೆಗರ್. ಬಿಳೀದು, ಅಡುಗೆಗೆ ಹಾಕೋದು. ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು. ಮತ್ತೆ ಬಟ್ಟೆಯಲ್ಲೇ, ಮತ್ತೆ ಒತ್ತೋದೇ.

ಇಲ್ಲೊಂದು ಹೇಳದೆ ಮುಂದೆ ಹೋಗೋಕಾಗಲ್ಲ. ಅಡುಗೆ ಸೋಡಾ ಉದುರಿಸಿ, ಮೇಲೆ ವಿನೆಗರ್ ಹಾಕಿ, ಬುಸ್ ಅಂತ ನೊರೆ ಬರಿಸಿ "ನೋಡಿ ಮ್ಯಾಜಿಕ್" ಅನ್ನೋ ವಿಡಿಯೋಗಳು. ಎಂತ ಮ್ಯಾಜಿಕ್ಕೂ ಇಲ್ಲ. ಒಂದು ಆಮ್ಲ, ಇನ್ನೊಂದು ಕ್ಷಾರ, ಎರಡೂ ಸೇರಿ ಒಂದನ್ನೊಂದು ಕೊಂದುಕೊಂಡ್ವು. ಮೇಲೆ ಹೋದದ್ದು ಇಂಗಾಲದ ಡೈಆಕ್ಸೈಡ್, ಕೆಳಗೆ ಉಳಿದದ್ದು ಉಪ್ಪುನೀರಿನಂಥದ್ದು. ನೊರೆ ನೋಡೋಕೆ ಚೆಂದ, ಕೆಲಸಕ್ಕೆ ಸೊನ್ನೆ. ಬೇರೆ ಬೇರೆಯಾಗಿ ಎರಡಕ್ಕೂ ಕೆಲಸ ಇದೆ. ವಿನೆಗರ್ ಚೊಗರಿಗೆ. ಸೋಡಾ ವಾಸನೆಗೆ, ಇಲ್ಲಾ ಚೆಲ್ಲಿದ ತುಪ್ಪ ಎಣ್ಣೆ ಹೀರೋಕೆ. ಒಟ್ಟಿಗೆ ಹಾಕಿದ್ರೆ ಎರಡೂ ದಂಡ.

ಅಷ್ಟಕ್ಕೂ ಹೋಗದೆ ಉಳಿದ್ರೆ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪಲ್ಲಿ ಸಣ್ಣ ಬಾಟಲಿ ನೂರು ರೂಪಾಯಿ ಒಳಗೇ ಸಿಗುತ್ತೆ. ಲೇಬಲ್ ಓದಿ. ನಮ್ಮಲ್ಲಿ ಸಾಮಾನ್ಯವಾಗಿ ಬರೋದು 6 ಪರ್ಸೆಂಟ್, "20 ವಾಲ್ಯೂಮ್" ಅಂತ ಬರೆದಿರುತ್ತೆ. ನಮಗೆ ಬೇಕಾದ್ದು 3, ಅಂದ್ರೆ ಅಷ್ಟಕ್ಕೆ ಅಷ್ಟೇ ನೀರು. ಗ್ಲೌಸ್ ಹಾಕ್ಕೊಳ್ಳಿ, ಬೆರಳ ತುದಿ ಬೆಳ್ಳಗಾಗಿ ಚುರುಚುರು ಅನ್ನುತ್ತೆ. ಮೊದಲು ಸೋಫಾ ಅಡಿಗೆ ಹೋಗೋ ಮೂಲೆಗೆ ನಾಲ್ಕು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು ಬಿಳಿ ಬಟ್ಟೆ ಒತ್ತಿ. ಬಣ್ಣ ಬಟ್ಟೆಗೆ ಬಂದ್ರೆ, ಇಲ್ಲಾ ಮೂಲೆ ಮಾಸಿದ್ರೆ, ಬಿಟ್ಟುಬಿಡಿ. ಗಾಢ ಬಣ್ಣದ ಉಣ್ಣೆ ಕಾರ್ಪೆಟ್ಟಿಗಂತೂ ನನ್ನ ಕೇಳಿದ್ರೆ ಬೇಡವೇ ಬೇಡ. ಬ್ಲೀಚಿಂಗ್ ದ್ರಾವಣ ಅದಕ್ಕಿಂತ ಕೆಟ್ಟದ್ದು, ಉಣ್ಣೆ ನೂಲನ್ನೇ ತಿಂದುಹಾಕುತ್ತೆ.

ಚೊಗರು ಅಂದೆ ನೋಡಿ. ಅಡಿಕೆ ಬೇಯಿಸಿದ ಚೊಗರು ಹನಿ ಬಿದ್ದ ಕಾರ್ಪೆಟ್ ತೋರಿಸಿ ಅಂತ ಕೆಲವರು ಕೇಳಿದ್ರಿ. ಉತ್ತರ ಖುಷಿ ಕೊಡಲ್ಲ. ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ಚರಕದವರು ಬಟ್ಟೆಗೆ ಬಣ್ಣ ಕಟ್ಟೋದೇ ಅಡಿಕೆ ಚೊಗರಲ್ಲಿ. ಹೋಗದೇ ಇರಲಿ ಅಂತ ಬಳಸೋ ಬಣ್ಣ ಅದು. ಹಸಿ ಇದ್ದಾಗಲೇ ವಿನೆಗರ್ ನೀರಲ್ಲಿ ಒತ್ತಿ ಒತ್ತಿ ತೆಗೆದಷ್ಟೇ ಲಾಭ. ಒಣಗಿದ ಮೇಲೆ ತೆಳುವಾಗುತ್ತೆ, ಪೂರ್ತಿ ಹೋಗಲ್ಲ. ಬಾರ್ ಸೋಪು, ಬಟ್ಟೆ ಸೋಡಾ ಹಾಕಿದ್ರೆ ಇನ್ನೂ ಕಪ್ಪಾಗಿ ಕೂರುತ್ತೆ. ಕಬ್ಬಿಣದಂಶ ಇರೋ ಬೋರ್‌ವೆಲ್ ನೀರು ಸೇರಿದ್ರೆ ಮುಗೀತು, ಚೊಗರಿಗೂ ಕಬ್ಬಿಣಕ್ಕೂ ಸೇರಿದ್ರೆ ಕರೀ ಶಾಯಿ.

ಈ ಶಾಟ್ ಅರಿಶಿನದ್ದು. ಇದನ್ನ ಸ್ವಲ್ಪ ನಿಧಾನ ನೋಡಿ. ಎಡಗಡೆ ಹಳದಿ ಇದೆ, ಬಲಗಡೆ ಕೆಂಪು. ಎರಡೂ ಒಂದೇ ಸಾರಿನ ಕಲೆ! ಬಲಗಡೆಗೆ ಯಾರೋ ಆಗಲೇ ಬಾರ್ ಸೋಪು ಉಜ್ಜಿದಾರೆ. ಅರಿಶಿನದ ಬಣ್ಣಕ್ಕೆ ಕ್ಷಾರ ತಾಗಿದ್ರೆ ಕೆಂಪಾಗುತ್ತೆ, ಸುಣ್ಣ ಸೇರಿಸಿ ಕುಂಕುಮ ಮಾಡ್ತಿದ್ದದ್ದೂ ಓಕುಳಿ ಕಲಸೋದೂ ಇದೇ ಲೆಕ್ಕದಲ್ಲಿ. ಗಾಬರಿ ಬೇಡ, ವಿನೆಗರ್ ನೀರು ಒತ್ತಿ, ನೋಡಿ, ಹಳದಿಗೆ ತಿರುಗ್ತಿದೆ. ತಿರುಗಿತು ಅಷ್ಟೇ, ಹೋಗಿಲ್ಲ. ಅರಿಶಿನದ ಬಣ್ಣ ನೀರಲ್ಲಿ ಕರಗೋದು ಕಮ್ಮಿ, ಸ್ಪಿರಿಟ್ಟಲ್ಲಿ ಚೆನ್ನಾಗಿ ಕರಗುತ್ತೆ. ಸರ್ಜಿಕಲ್ ಸ್ಪಿರಿಟ್, ಇಲ್ಲಾ ಕೊರೋನಾ ಕಾಲದ್ದು ಉಳಿದಿದ್ರೆ ನೀರಿನಂಥ ಸ್ಯಾನಿಟೈಸರ್. ಜೆಲ್ ಬೇಡ, ಅಂಟು. ಬಟ್ಟೆ ತುದಿಗೆ ಅಷ್ಟೇ ಹಾಕಿ, ನೂಲಿನ ಮೇಲ್ಮೈಗೆ ಮಾತ್ರ ಒತ್ತಿ. ಕೆಳಗಿಳಿದ್ರೆ ಕಾರ್ಪೆಟ್ ಹಿಂಬದಿಯ ರಬ್ಬರ್ ಅಂಟು ಸಡಿಲ ಆಗುತ್ತೆ. ಒಲೆ ಹತ್ರ ಈ ಕೆಲಸ ಬೇಡ, ಬೆಂಕಿ ಹಿಡಿಯೋ ವಸ್ತು. ಉಳಿದ ಹಳದಿಗೆ ಒಳ್ಳೇ ಮದ್ದು ಬಿಸಿಲು, ಅರಿಶಿನ ಬಿಸಿಲಿಗೆ ಮಾಸುತ್ತೆ. ಬಿಸಿಲು ಎಲ್ಲಿ ಅಂತೀರಾ? ಹೌದಲ, ಅದೇ ತಾಪತ್ರಯ.

ಹಲಸಿನ ಮೇಣ ಬೇಗ ಹೇಳಿಬಿಡ್ತೀನಿ: ಐಸ್ ಇಟ್ಟು ಗಟ್ಟಿ ಮಾಡಿ, ಚಮಚದಲ್ಲಿ ಕೆರೆದು, ಉಳಿದದ್ದಕ್ಕೆ ಬಟ್ಟೇಲಿ ಕೊಬ್ಬರಿ ಎಣ್ಣೆ, ಎಣ್ಣೆಗೆ ಮೇಲೆ ಸೋಡಾ ಉದುರಿಸಿ ಅರ್ಧ ಗಂಟೆ, ಆಮೇಲೆ ಅದೇ ಕಾಲು ಚಮಚದ ಲಿಕ್ವಿಡ್. ಕೆಮ್ಮಣ್ಣಿಗೆ ಇದ್ಯಾವುದೂ ಬೇಡ, ಒಣಗೋಕೆ ಬಿಟ್ಟು ಬ್ರಷ್ ಹಾಕಿ, ವ್ಯಾಕ್ಯೂಮ್ ಮಾಡಿ. ಹಸಿ ಮಣ್ಣಿಗೆ ನೀರು ಹಾಕಿದ್ರೆ ಕೆಸರನ್ನ ಬುಡಕ್ಕೆ ಇಳಿಸಿದ ಹಾಗೆ.

ಸರಿ, ಈಗ ಮುಖ್ಯ ಕೆಲಸ. ಕಾಫಿ ಜಾಗಕ್ಕೆ ಬರೀ ನೀರು ಚಿಮುಕಿಸಿ, ಸೋಪು, ವಿನೆಗರ್ ಎಲ್ಲ ಒತ್ತಿ ತೆಗೆದಾಯ್ತು. ಮೇಲ್ಗಡೆ ಕಲೆ ಇಲ್ಲ. ಜನ ಇಲ್ಲಿಗೇ ಮುಗೀತು ಅಂದ್ಕೊಳ್ತಾರೆ, ಬೆಳಿಗ್ಗೆ ಎದ್ದು ನೋಡಿದ್ರೆ ಅದೇ ಜಾಗದಲ್ಲಿ ಕಂದು ಉಂಗುರ. ಆಗೋದು ಎಂತ ಅಂದ್ರೆ, ಕಾಫಿ ಸ್ವಲ್ಪ ಬುಡಕ್ಕೂ ಇಳಿದಿರುತ್ತೆ. ತುದಿ ಒಣಗ್ತಾ ಇದ್ದ ಹಾಗೆ ಕೆಳಗಿನ ನೀರು ನೂಲಿಗುಂಟ ಮೇಲೆ ಹತ್ತುತ್ತೆ, ದೀಪದ ಬತ್ತಿಗೆ ಎಣ್ಣೆ ಹತ್ತಿದ ಹಾಗೆ, ಬಣ್ಣವನ್ನೂ ಹೊತ್ಕೊಂಡು. ನೀರು ಆರಿ ಹೋಗುತ್ತೆ, ಬಣ್ಣ ತುದಿಯಲ್ಲಿ ಉಳಿಯುತ್ತೆ. ಒಣಗೋದು ನಿಧಾನ ಆದಷ್ಟೂ ಹತ್ತೋಕೆ ಟೈಮ್ ಜಾಸ್ತಿ. ಅದಕ್ಕೇ ಇದು ಮಳೆಗಾಲದಲ್ಲೇ ಹೆಚ್ಚು. ಹಿಂಬದಿ ಸೆಣಬಿನದ್ದಾದ್ರೆ ಇನ್ನೂ ತಲೆನೋವು, ತುಂಬ ಹೊತ್ತು ನೆನೆದ್ರೆ ಸೆಣಬಿನ ಕಂದು ಬಣ್ಣವೇ ಮೇಲೆ ಬರುತ್ತೆ. ಕಾಫಿ ಚೆಲ್ಲದೇ ಕಾಫಿ ಕಲೆ! ಅದಕ್ಕೂ ವಿನೆಗರ್ ನೀರೇ.

ಹಾಗಾಗಿ ಹತ್ತಿಕೊಂಡು ಬರೋದನ್ನ ಬಟ್ಟೆಗೆ ಹತ್ತಿಸ್ಕೊಳ್ಳಿ. ಪಂಚೆ ಎಂಟು ಮಡಿಕೆ, ಕಲೆಗಿಂತ ನಾಲ್ಕು ಬೆರಳು ಅಗಲ, ಅದರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ಮೇಲೆ ಭಾರ. ಭಾರಕ್ಕೆ ರುಬ್ಬೋ ಗುಂಡು ಆಗುತ್ತೆ, ನೀರು ತುಂಬಿದ ಸ್ಟೀಲ್ ಡಬ್ಬಿ ಆಗುತ್ತೆ. ಕಬ್ಬಿಣದ ದೋಸೆ ಕಾವಲಿ ಮಾತ್ರ ಬೇಡ, ತುಕ್ಕು ಇಳಿದ್ರೆ ಚೊಗರು ಜೊತೆ ಸೇರಿ ಏನಾಗುತ್ತೆ ಅಂತ ಆಗಲೇ ಹೇಳಿದೀನಿ. ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಿ. ಬಟ್ಟೆಗೆ ಬಣ್ಣ ಬರೋದು ನಿಂತ ಮೇಲೆ ಭಾರ ತೆಗೀರಿ.

ಆಮೇಲೆ ಕಾರ್ಪೆಟ್ ನೆಲದ ಮೇಲೆ ಬಿಡೋ ಹಾಗಿಲ್ಲ. ಮಳೆಗಾಲದಲ್ಲಿ ಈ ನೆಲ ತಾನೇ ಬೆವರ್ತಿರುತ್ತೆ. ಎರಡು ಬೆಂಚು, ನಡುವೆ ಗಳ, ಗಳದ ಮೇಲೆ ಕಾರ್ಪೆಟ್. ಫ್ಯಾನ್ ಪಕ್ಕದಿಂದ, ಮೇಲ್ಮೈ ಸವರಿಕೊಂಡು ಗಾಳಿ ಹೋಗೋ ಹಾಗೆ. ಗಾಳಿಗೆ ಅಂತ ಕಿಟಕಿ ತೆಗೀತಾರೆ, ಹೊರಗೆ ಜಡಿಮಳೆ ಇರುವಾಗ ಒಳಗೆ ಬರೋದು ತೇವವೇ. ಮುಚ್ಚಿ. ಬಚ್ಚಲ ಹಂಡೆ ಒಲೆ ಹತ್ರ ಬೆಚ್ಚಗಿರುತ್ತೆ ನಿಜ, ಸಿಂಥೆಟಿಕ್ ಆದ್ರೆ ಮೂರು ನಾಲ್ಕು ಅಡಿ ದೂರ ಇರಲಿ, ಶಾಖಕ್ಕೆ ನೂಲು ಮುರುಟುತ್ತೆ. ಹೊಗೆ ಒಲೆ ಆದ್ರೆ ಅದೂ ಬೇಡ, ಮಸಿ ಕಲೆ ಬಗ್ಗೆ ಇನ್ನೊಂದು ವಿಡಿಯೋ ಮಾಡಬೇಕಾಗುತ್ತೆ.

ಇಷ್ಟೆಲ್ಲ ನೋಡಿದ್ರೆ ಮಲೆನಾಡಿಗೆ ಕಾರ್ಪೆಟ್ಟೇ ಬೇಡ, ಚಾಪೆ ಸಾಕು ಅನ್ನಿಸುತ್ತೆ. ಹಾಗಂತ ಮಾಗಿ ಚಳೀಲಿ ಬೆಳಗಿನ ಜಾವ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಿಟ್ರೆ ಕಾರ್ಪೆಟ್ ಬೇಕೇ ಬೇಕು. ಇರಲಿ. ತಗೊಳ್ಳೋದಾದ್ರೆ ಸುತ್ತಿ ಎತ್ತೋಕೆ ಬರೋದು ತಗೊಳ್ಳಿ, ಗೋಡೆಯಿಂದ ಗೋಡೆಗೆ ಅಂಟಿಸೋದು ಈ ಊರಿಗಲ್ಲ. ಪೂರ್ತಿ ತೊಳೆಯೋದು ಬೇಸಿಗೆಗೆ ಇಟ್ಕೊಳ್ಳಿ. ಮಳೆ ಮುಗಿದ ಕೂಡಲೇ ಅಂದ್ರೆ ಅಂಗಳ ತುಂಬ ಅಡಿಕೆ ಇರುತ್ತೆ, ಕಾರ್ಪೆಟ್ ಹರವೋಕೆ ಜಾಗ ಕೊಡೋರು ಯಾರು? ಸುಗ್ಗಿ ಮುಗಿದು ಮಾರ್ಚ್ ಬಿಸಿಲು ಬಂದ ಮೇಲೆ, ಬೆಳಿಗ್ಗೆ ತೊಳೆದು, ಬೆನ್ನು ಮೇಲೆ ಮಾಡಿ ಹಾಕಿ.

ಒಣಗಿದ್ಯಾ ಅಂತ ನೋಡೋದು ಮೇಲ್ಗಡೆ ಮುಟ್ಟಿ ಅಲ್ಲ. ಮೂಲೆ ಎತ್ತಿ ಹಿಂಬದಿಗೆ ಅಂಗೈ ಇಡಿ. ಅಕ್ಕಪಕ್ಕಕ್ಕಿಂತ ತಣ್ಣಗಿದ್ರೆ ಒಳಗೆ ಇನ್ನೂ ನೀರಿದೆ. ನೋಡಿ, ಇಲ್ಲಿ ತಣ್ಣಗೇ ಇದೆ, ಅಂದ್ರೆ ರಾತ್ರಿ ಪೂರ್ತಿ ಫ್ಯಾನ್... ಹೋಯ್ತು ಕರೆಂಟು. ಪರವಾಗಿಲ್ಲ. ಕರೆಂಟ್ ಬರೋ ತನಕ ಒಣ ಪಂಚೆ, ರುಬ್ಬೋ ಗುಂಡು ವಾಪಸ್ ಇಡಿ, ಬೆಂಚಿನ ಮೇಲೇ, ಅಡಿಗೊಂದು ಹಲಗೆ ಕೊಟ್ಟು.