ಪದವಿಯ ನಂತರದ ಹದಿನೆಂಟು ತಿಂಗಳು

ಕೇಳುಗರಿಗೆ ನಮಸ್ಕಾರ.

ಬ್ರಿಟನ್ನಿನಲ್ಲಿ ಒಂದು ವರ್ಷದ ಎಂ.ಎಸ್ಸಿ. ಓದಲು ಹೋದ ನಮ್ಮ ಕಡೆಯ ವಿದ್ಯಾರ್ಥಿ ಸೆಪ್ಟೆಂಬರಿನಲ್ಲಿ ಪ್ರಬಂಧ ಒಪ್ಪಿಸಿದ ಮೇಲೆ, ದಿನಕ್ಕೆ ನಾಲ್ಕು ಸಲ ಇಮೇಲ್ ತೆರೆದು ನೋಡುತ್ತಾನೆ. ಅವನು ತೇರ್ಗಡೆಯಾದ ಸಂಗತಿಯನ್ನು ವಿಶ್ವವಿದ್ಯಾಲಯವು ಅಲ್ಲಿನ ಗೃಹ ಇಲಾಖೆಗೆ ತಿಳಿಸುವವರೆಗೂ ಓದು ಮುಗಿಸಿದವರು ಅಲ್ಲಿಯೇ ಉಳಿದು ದುಡಿಯಲು ಕೊಡುವ ‘ಗ್ರಾಜುಯೇಟ್ ರೂಟ್’ ಎಂಬ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ. ವಿದ್ಯಾರ್ಥಿ ವೀಸಾ ಮುಗಿದ ಮೇಲೆ ಹಾಕಿದರೂ ನಡೆಯುವುದಿಲ್ಲ. ಈ ಎರಡರ ನಡುವೆ ಸಿಗುವುದು ಕೆಲವೇ ವಾರಗಳು.

ಇಂಥದೇ ಒಂದು ವೀಸಾ ಹಿಂದೆಯೂ ಇತ್ತು. ತೆರೇಸಾ ಮೇ ಅವರು ಗೃಹ ಸಚಿವೆಯಾಗಿದ್ದಾಗ, 2012ರ ಏಪ್ರಿಲ್‌ನಲ್ಲಿ, ಅದನ್ನು ಮುಚ್ಚಲಾಯಿತು. ಈಗಿರುವುದು 2021ರ ಜುಲೈ 1ರಂದು ಆರಂಭವಾದದ್ದು. ಇದನ್ನು ಪಡೆಯುವವರಲ್ಲಿ ಭಾರತೀಯರದೇ ಅತಿ ದೊಡ್ಡ ಗುಂಪು. ಅರ್ಜಿ ಹಾಕುವಾಗ ಕೈಯಲ್ಲಿ ನೌಕರಿ ಇರಬೇಕಾಗಿಲ್ಲ, ಇಂತಿಷ್ಟು ಸಂಬಳವೆಂಬ ಷರತ್ತೂ ಇಲ್ಲ. ಆಫೀಸಾಗಲಿ ಅಂಗಡಿಯಾಗಲಿ, ಸ್ವಂತ ವ್ಯವಹಾರವಾಗಲಿ, ದುಡಿಯಲು ಅಡ್ಡಿಯಿಲ್ಲ. ಆದರೆ ಇದು ಜೀವನದಲ್ಲಿ ಒಂದೇ ಸಲ ಸಿಗುವಂಥದು, ವಿಸ್ತರಣೆಯಿಲ್ಲ. ಅಲ್ಲಿ ಕಾಯಂ ನೆಲೆಸಲು ಬೇಕಾದ ಐದು ವರ್ಷದ ಲೆಕ್ಕಕ್ಕೂ ಇದು ಸೇರುವುದಿಲ್ಲ.

ಖರ್ಚಿನ ವಿಷಯವನ್ನು ಕನ್ಸಲ್ಟೆನ್ಸಿಯವರು ಮೊದಲ ಭೇಟಿಯಲ್ಲಿ ಎತ್ತುವುದು ಅಪರೂಪ. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಅರ್ಜಿ ಶುಲ್ಕ 880 ಪೌಂಡ್ ಆಗಿತ್ತು. ಇದರ ಮೇಲೆ ವರ್ಷಕ್ಕೆ 1,035 ಪೌಂಡಿನಂತೆ ಆರೋಗ್ಯ ಶುಲ್ಕವನ್ನು ಅಷ್ಟೂ ಅವಧಿಗೆ ಮುಂಗಡವಾಗಿ ಕಟ್ಟಬೇಕು. ಆ ದರದಲ್ಲಿ ಎರಡು ವರ್ಷದ ವೀಸಾಕ್ಕೆ ಒಟ್ಟು 2,950 ಪೌಂಡ್, ಅಂದರೆ ಮೂರು ಲಕ್ಷ ರೂಪಾಯಿಗೂ ಹೆಚ್ಚು. ಮೊದಲ ಸಂಬಳ ಬರುವುದಕ್ಕೆ ಮುಂಚೆಯೇ ತೆರಬೇಕಾದ ಹಣವಾದ್ದರಿಂದ, ಬಹುತೇಕ ಇದೂ ಅಪ್ಪನ ಖಾತೆಯಿಂದಲೇ ಹೋಗುತ್ತದೆ.

ಅರ್ಜಿ ಹಾಕಿ ತೀರ್ಮಾನ ಬರುವವರೆಗೆ ದೇಶ ಬಿಟ್ಟು ಹೊರಟರೆ ಅರ್ಜಿ ಹಿಂತೆಗೆದುಕೊಂಡಂತೆಯೇ ಲೆಕ್ಕ. ತೀರ್ಮಾನಕ್ಕೆ ಎಂಟು ವಾರ ಹಿಡಿಯಬಹುದು. ನನಗೆ ಪರಿಚಯದ ಹಾಸನದ ಹುಡುಗಿಯೊಬ್ಬಳಿಗೆ ಇದು ತಿಳಿದದ್ದು ಅಕ್ಕನ ಮದುವೆಗೆ ಬರಲು ಟಿಕೆಟ್ ಮಾಡಿಸಿದ ಮೇಲೆ. ಧನುರ್ಮಾಸಕ್ಕೆ ಮೊದಲೇ ಮುಗಿಸಬೇಕೆಂದು ಡಿಸೆಂಬರ್ ಮೊದಲ ವಾರದಲ್ಲಿ ಇಟ್ಟುಕೊಂಡಿದ್ದ ಮದುವೆ ಅದು. ಬೆಳಿಗ್ಗೆ ಹತ್ತರ ಧಾರೆಯನ್ನು ಅವಳು ಅಲ್ಲಿನ ನಾಲ್ಕೂವರೆಯ ಕತ್ತಲಲ್ಲಿ, ರಜಾಯಿ ಹೊದ್ದುಕೊಂಡು ಫೋನಿನಲ್ಲಿ ನೋಡಿದಳು.

ವೀಸಾ ಸಿಕ್ಕ ದಿನದಿಂದಲೇ ಅವಧಿ ಕರಗತೊಡಗುತ್ತದೆ. 2024ರ ಮೇ ತಿಂಗಳಿನಲ್ಲಿ ಪ್ರೊಫೆಸರ್ ಬ್ರಯನ್ ಬೆಲ್ ಅವರ ಅಧ್ಯಕ್ಷತೆಯ ವಲಸೆ ಸಲಹಾ ಸಮಿತಿಯು, ವ್ಯಾಪಕ ದುರುಪಯೋಗ ಕಂಡುಬಂದಿಲ್ಲವೆಂದು ಹೇಳಿ, ಈ ವೀಸಾವನ್ನು ಇದ್ದಂತೆಯೇ ಉಳಿಸಿಕೊಳ್ಳಲು ಶಿಫಾರಸು ಮಾಡಿತ್ತು. ಆದರೂ ಮರುವರ್ಷದ ಶ್ವೇತಪತ್ರದಲ್ಲಿ ಹೊಸ ಸರ್ಕಾರ ಅವಧಿಗೆ ಕತ್ತರಿ ಹಾಕಿತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದ ಬದಲು ಹದಿನೆಂಟು ತಿಂಗಳು ಮಾತ್ರ, ಪಿಎಚ್.ಡಿ. ಮುಗಿಸಿದವರಿಗೆ ಮೊದಲಿನಂತೆ ಮೂರು ವರ್ಷ.

ಅನಂತರವೂ ಅಲ್ಲಿಯೇ ಉಳಿಯಬೇಕೆನ್ನುವವರಲ್ಲಿ ಹೆಚ್ಚಿನವರು ‘ಸ್ಕಿಲ್ಡ್ ವರ್ಕರ್’ ವೀಸಾಕ್ಕೆ ದಾಟಬೇಕು. ಅದಕ್ಕೆ ಸ್ಪಾನ್ಸರ್ ಪರವಾನಗಿ, ಅಂದರೆ ವಿದೇಶೀಯರನ್ನು ನೌಕರಿಗೆ ಇಟ್ಟುಕೊಳ್ಳಲು ಸರ್ಕಾರದ ಅನುಮತಿ, ಇರುವ ಕಂಪನಿಯ ನೌಕರಿಯೇ ಆಗಬೇಕು. ವರ್ಷದ ಕನಿಷ್ಠ ಸಂಬಳದ ಸಾಮಾನ್ಯ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700ಕ್ಕೆ, 2025ರ ಜುಲೈನಲ್ಲಿ 41,700ಕ್ಕೆ ಏರಿಸಲಾಯಿತು. ಹೊಸದಾಗಿ ಓದು ಮುಗಿಸಿದವರಿಗೆ ರಿಯಾಯಿತಿಯಿದ್ದು, ಅವರಿಗೆ 33,400 ಸಾಕು. ಆದರೆ ಆಯಾ ಉದ್ಯೋಗಕ್ಕೆ ನಿಗದಿಯಾದ ದರದ ಶೇಕಡಾ 70 ಇದಕ್ಕಿಂತ ಹೆಚ್ಚಾಗಿದ್ದರೆ ಅದನ್ನೇ ಮುಟ್ಟಬೇಕು. ಸೂಪರ್ ಮಾರ್ಕೆಟಿನ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿ ಬಾಡಿಗೆ ಕಟ್ಟಬಹುದು, ಈ ದಾಟುವಿಕೆಗೆ ಆ ಕೆಲಸ ಬರುವುದಿಲ್ಲ. ಪರವಾನಗಿ ಪಡೆದ ಕಂಪನಿಗಳ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಉಚಿತವಾಗಿ ಪ್ರಕಟಿಸುತ್ತದೆ. ಅರ್ಜಿ ಗುಜರಾಯಿಸುವ ಮುನ್ನ ಕಂಪನಿಯ ಹೆಸರನ್ನು ಅಲ್ಲಿ ಹುಡುಕುವುದು ಐದು ನಿಮಿಷದ ಕೆಲಸ.

ಜಮೀನಿನ ಪತ್ರ ಇಟ್ಟು ಶಿಕ್ಷಣ ಸಾಲ ತೆಗೆಯುವ ಮನೆಯವರು ಈ ತಾರೀಕುಗಳನ್ನು ಬ್ಯಾಂಕಿನ ತಾರೀಕುಗಳ ಪಕ್ಕದಲ್ಲಿಟ್ಟು ನೋಡಬೇಕೆಂಬುದು ನನ್ನ ಅಭಿಪ್ರಾಯ. 2026ರ ಸೆಪ್ಟೆಂಬರಿನಲ್ಲಿ ಸೇರಿದವನ ಓದು 2027ರ ಸೆಪ್ಟೆಂಬರಿಗೆ ಮುಗಿಯುತ್ತದೆ. ಫಲಿತಾಂಶ ಬಂದು, ಹೊಸ ವೀಸಾ 2028ರ ಜನವರಿಯಲ್ಲಿ ಸಿಕ್ಕಿತೆನ್ನೋಣ. ಅದು ಮುಗಿಯುವುದು 2029ರ ಜುಲೈನಲ್ಲಿ. ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷಕ್ಕೆ, ಅಂದರೆ 2028ರ ಸೆಪ್ಟೆಂಬರಿಗೆ, ಆರಂಭವಾಗುತ್ತದೆ. ಪೌಂಡಿನಲ್ಲಿ ದುಡಿದು ಕಂತು ಕಟ್ಟಲು ಖಚಿತವಾಗಿ ಕೈಗೆ ಸಿಗುವುದು ಅಲ್ಲಿಂದಾಚೆಗಿನ ಹತ್ತು ತಿಂಗಳು.

ನಮಸ್ಕಾರ.