ಮನೆಬಳಕೆಯ ಬೆಳಕಿನ ಯಂತ್ರ: ಕೊಳ್ಳುವ ಮೊದಲು ಪೆಟ್ಟಿಗೆಯನ್ನು ಓದುವ ಬಗೆ

(ದೃಶ್ಯ: ಮೇಜಿನ ಮೇಲೆ ಐಪಿಎಲ್ ಯಂತ್ರ, ಪಕ್ಕದಲ್ಲಿ ಎಲ್‌ಇಡಿ ಮುಖವಾಡ)

ನಮಸ್ಕಾರ. ಗಲ್ಫಿನಿಂದ ಕಾಸರಗೋಡಿಗೆ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿ ಅತ್ತರು, ಖರ್ಜೂರಗಳ ಜೊತೆ ಈಗ ಕೂದಲು ತೆಗೆಯುವ ಯಂತ್ರಗಳೂ ಇರುತ್ತವೆ. ಇವುಗಳನ್ನು ಎಲ್ಲರೂ ಲೇಸರ್ ಎಂದೇ ಕರೆಯುತ್ತಾರಾದರೂ ಹೆಚ್ಚಿನವು ಲೇಸರ್ ಅಲ್ಲ, ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್, ಅಂದರೆ ತೀವ್ರ ಬೆಳಕಿನ ಮಿಂಚು). ಲೇಸರಿನಲ್ಲಿ ಒಂದೇ ತರಂಗಾಂತರದ ಬೆಳಕಿದ್ದರೆ, ಐಪಿಎಲ್ ಹಲವು ತರಂಗಾಂತರಗಳ ಬೆಳಕನ್ನು ಮಿಂಚಿನಂತೆ ಹಾಯಿಸುತ್ತದೆ.

ಎರಡರ ತತ್ತ್ವವೂ ಒಂದೇ. ಅಮೆರಿಕದ ಸಂಶೋಧಕರಾದ ಆಂಡರ್ಸನ್ ಮತ್ತು ಪ್ಯಾರಿಶ್ ಅದನ್ನು 1983ರಲ್ಲಿ ವಿವರಿಸಿದರು. ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿ ಬೇರನ್ನು ಕುಂದಿಸುತ್ತದೆ. ಮೆಲನಿನ್ ಇಲ್ಲದ ಬಿಳಿಗೂದಲಿಗೆ ಇದರಿಂದ ಪ್ರಯೋಜನವಿಲ್ಲ. ತೊಡಕೆಂದರೆ, ಮೆಲನಿನ್ ಚರ್ಮದಲ್ಲಿಯೂ ಇದೆ. ಬಣ್ಣ ಗಾಢವಾದಷ್ಟೂ ಬಿಸಿ ಚರ್ಮದಲ್ಲೇ ಉಳಿದು ಗುಳ್ಳೆಗಳೂ ತಿಂಗಳುಗಟ್ಟಲೆ ಮಾಸದ ಕಪ್ಪು ಕಲೆಗಳೂ ಉಂಟಾಗಬಹುದು.

(ದೃಶ್ಯ: ಪೆಟ್ಟಿಗೆಯ ಮೇಲಿನ ಬಣ್ಣದ ಪಟ್ಟಿ)

ಆದ್ದರಿಂದ ಬೆಲೆಗಿಂತ ಮೊದಲು ಈ ಪಟ್ಟಿಯನ್ನು ನೋಡಬೇಕು. ಚರ್ಮವನ್ನು ಅತಿ ಬಿಳಿಯ 1ರಿಂದ ಅತಿ ಕಪ್ಪಿನ 6ರವರೆಗೆ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಮಾಪನದ ಬಗೆಗಳಲ್ಲಿ ಹಲವು ಐಪಿಎಲ್ ಯಂತ್ರಗಳು 1ರಿಂದ 4ರವರೆಗಿನವರಿಗೆ ಮಾತ್ರ. ನಮ್ಮ ಕರಾವಳಿಯಲ್ಲಿ 4 ಮತ್ತು 5ರವರು ಧಾರಾಳ. ಅಡಿಕೆ ತೋಟದಲ್ಲಿ ದುಡಿಯುವವರ ಮುಂಗೈ ಅವರ ಹೊಟ್ಟೆಯ ಚರ್ಮಕ್ಕಿಂತ ಬಹಳ ಕಪ್ಪಾಗಿರುವುದರಿಂದ, ಯಂತ್ರ ಹಿಡಿಯುವ ಜಾಗವನ್ನೇ, ಟ್ಯೂಬ್‌ಲೈಟಿನಲ್ಲಲ್ಲ, ಹಗಲು ಬೆಳಕಿನಲ್ಲಿ ಪಟ್ಟಿಯೊಂದಿಗೆ ಹೋಲಿಸಬೇಕು.

ಎಲ್‌ಇಡಿ ಮುಖವಾಡದ ಕ್ರಮ ಬೇರೆ. ಅದು ಬೇರನ್ನು ಸುಡುವುದಿಲ್ಲ. ಸುಮಾರು 415 ನ್ಯಾನೋಮೀಟರಿನ ನೀಲಿ ಬೆಳಕು ಮೊಡವೆಯ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ, ಸುಮಾರು 630ರ ಕೆಂಪು ಬೆಳಕನ್ನು ಸುಕ್ಕುಗಳಿಗೆ ಬಳಸುತ್ತಾರೆ. ಇಲ್ಲಿ ಕೇಳಬೇಕಾದದ್ದು ಚರ್ಮಕ್ಕೆ ಸಿಗುವ ಶಕ್ತಿ ಎಷ್ಟೆಂದು: ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟ್ ಬೆಳಕನ್ನು 10 ನಿಮಿಷ ಹಿಡಿದರೆ 18 ಜೂಲ್. ಬಲ್ಬುಗಳ ಸಂಖ್ಯೆಯನ್ನಷ್ಟೇ ಹೇಳಿ ಈ ಅಂಕಿಯನ್ನು ಕೊಡದ ಮುಖವಾಡವನ್ನು ನಾನಂತೂ ಕೊಳ್ಳಲಾರೆ.

ಬಂಗು ಇರುವವರು ವೈದ್ಯರನ್ನು ಕೇಳದೆ ಇವುಗಳಲ್ಲಿ ಯಾವುದನ್ನೂ ಮುಖಕ್ಕೆ ಹಿಡಿಯಬಾರದು. ಬಿಸಿ ಮತ್ತು ಬೆಳಕಿನಿಂದ ಬಂಗು ಹೆಚ್ಚಬಹುದು. ಮಳೆಗಾಲದಲ್ಲಿ ಇಲಿಜ್ವರ ಬಾರದಂತೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯೂ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ, ಆದ್ದರಿಂದ ಆ ದಿನಗಳಲ್ಲಿ ಯಂತ್ರ ಕಪಾಟಿನಲ್ಲಿರಲಿ.

(ದೃಶ್ಯ: ಮೊಣಕಾಲಿನ ಕೆಳಗೆ ಒಂದು ಮಿಂಚು)

ಐಪಿಎಲ್ ಆರಂಭಿಸುವವರು ಅತಿ ಕಡಿಮೆ ಮಟ್ಟದಲ್ಲಿ, ಹೀಗೆ ಒಂದೇ ಜಾಗದಲ್ಲಿ ಪರೀಕ್ಷಿಸಿ, 24 ಗಂಟೆ ಕಾದು, ಕೆಂಪು ಉಳಿದಿದೆಯೇ ಎಂದು ನೋಡಿದ ಮೇಲೆಯೇ ಮುಂದುವರಿಯಬೇಕು.