ಕಂದು ರೆಕ್ಕೆ, ಬಿಳಿ ಪಟ್ಟೆ: ಈ ಪುಟ್ಟ ಪತಂಗನ ಗುರುತು ಹಿಡಿಯೋದು ಹೇಗೆ?

(ಸ್ಕ್ರೀನ್: ಹರಿವೆ ಎಲೆ ಮೇಲೆ ಕೂತ ಪತಂಗ, ಕ್ಲೋಸಪ್)

ಎಲ್ರಿಗೂ ನಮಸ್ಕಾರ. ಹರಿವೆ, ದಂಟು, ಪಾಲಕ್ ಬೆಳೆದಿರೋ ಕಡೆ ಹಗಲಲ್ಲೇ ಗಿಡ ಸ್ವಲ್ಪ ಅಲ್ಲಾಡಿಸಿದ್ರೆ ಸಾಕು, ಸಣ್ಣ ಕಂದು ಪತಂಗಗಳು ಪುರ್ರಂತ ಎದ್ದು ಪಕ್ಕದ ಗಿಡಕ್ಕೆ ಹೋಗಿ ಎಲೆ ಅಡಿ ಸೇರ್ಕೊಳ್ತವೆ ನೋಡಿ, ಇವತ್ತಿನ ವಿಡಿಯೋ ಅದರದ್ದೇ. ವೈಜ್ಞಾನಿಕ ಹೆಸರು ಸ್ಪೋಲೇಡಿಯಾ ರಿಕರ್ವ್ಯಾಲಿಸ್, 1775ರಲ್ಲಿ ಕೀಟಶಾಸ್ತ್ರಜ್ಞ ಫ್ಯಾಬ್ರಿಷಿಯಸ್ ಮೊದಲು ವಿವರಿಸಿದ್ದು. ರೆಕ್ಕೆ ಪೂರ್ತಿ ಬಿಚ್ಚಿದ್ರೂ ಈ ತುದಿಯಿಂದ ಆ ತುದಿಗೆ 22–24 ಮಿಲಿಮೀಟರ್, ಅಷ್ಟೇ.

ಬಣ್ಣ ಮಾತ್ರ ನಂಬ್ಬೇಡಿ. ಪತಂಗ ಮುಟ್ಟಿದಾಗ ಬೆರಳಿಗೆ ಪುಡಿ ಅಂಟುತ್ತಲ್ಲ, ಅವೆಲ್ಲ ಪುಟ್ಟ ಪುಟ್ಟ ಹುರುಪೆಗಳು, ಬಣ್ಣ ಇರೋದೇ ಅದ್ರಲ್ಲಿ, ಹಾರಾಡ್ತಾ ಹಾರಾಡ್ತಾ ಉದುರಿ ಹೋದ್ಮೇಲೆ ಕಡು ಕಂದು ಇದ್ದಿದ್ದು ಮಾಸಿದ ಕಂದು ಆಗ್ಬಿಡುತ್ತೆ, ಆಗ ನೀವು ಬೇರೆ ಜಾತಿ ಅಂದ್ಕೊಳ್ತೀರ.

(ಸ್ಕ್ರೀನ್: ಮುಂರೆಕ್ಕೆ ಝೂಮ್, ಪಟ್ಟೆ ಮೇಲೆ ಬಾಣದ ಗುರುತು)

ಪಟ್ಟೆ ನೋಡಿ. ಮುಂರೆಕ್ಕೆ ಮಧ್ಯದಲ್ಲಿ ಅಡ್ಡಕ್ಕೆ ಒಂದು ದಪ್ಪ ಬಿಳಿ ಪಟ್ಟೆ. ಇನ್ನು ರೆಕ್ಕೆ ತುದಿ ಕಡೆ ಬನ್ನಿ, ಮುಂದಿನ ಅಂಚಿನಿಂದ ಶುರುವಾಗಿ ಅರ್ಧಕ್ಕೇ ನಿಂತುಬಿಡೋ ಗಿಡ್ಡ ಪಟ್ಟೆ ಇದೆ, ಅದರ ಪಕ್ಕದಲ್ಲೇ ಚಿಕ್ಕ ಬಿಳಿ ಚುಕ್ಕಿ ಎರಡು, ಈ ಚುಕ್ಕಿನ ತುಂಬಾ ಜನ ನೋಡೋದೇ ಇಲ್ಲ. ಹಿಂರೆಕ್ಕೆಗೂ ಒಂದು ಬಿಳಿ ಪಟ್ಟೆ ಇದೆ. ರೆಕ್ಕೆ ಬಿಚ್ಚಿದಾಗ ಅದು ಮುಂರೆಕ್ಕೆಯ ಪಟ್ಟೆಗೆ ಕೂಡ್ಕೊಂಡು ಒಂದೇ ಗೆರೆ ಎಳೆದಂಗೆ ಕಾಣುತ್ತೆ.

(ಸ್ಕ್ರೀನ್: ಎರಡು ಪತಂಗ ಅಕ್ಕಪಕ್ಕ)

ತಲೆ ಕೆಡಿಸೋದು ಅಂದ್ರೆ ಇದರ ಹತ್ತಿರದ ನೆಂಟ, ಹೈಮೇನಿಯಾ ಪರ್ಸ್ಪೆಕ್ಟಾಲಿಸ್. ಅದೂ ಕಂದು, ಅದಕ್ಕೂ ಬಿಳಿ ಗುರುತು, ಸೈಜೂ ಹೆಚ್ಚುಕಮ್ಮಿ ಅಷ್ಟೇ. ಆದ್ರೆ ಅದರ ಮುಂರೆಕ್ಕೆ ಗೆರೆ ಸಣ್ಣಗೆ ತೆಳ್ಳಗಿರುತ್ತೆ, ಇದರ ಥರ ದಪ್ಪ ಪಟ್ಟೆ ಅಲ್ಲ. ಯಾವ ಗಿಡದ ಮೇಲಿತ್ತು ಅಂತ ನೋಡಿ ಹೇಳೋಣ ಅಂದ್ರೆ ಅದೂ ಆಗಲ್ಲ, ಎರಡರ ಮರಿಹುಳಾನೂ ಹರಿವೆ, ಬೀಟ್‌ರೂಟ್ ಎಲೆ ತಿನ್ನುತ್ತೆ!

ಫೋಟೋ ತೆಗೆಯೋರು ನೇರ ಮೇಲಿಂದ ತೆಗೀರಿ. ಪಕ್ಕದಿಂದ ತೆಗೆದ್ರೆ ಪಟ್ಟೆ ಎಷ್ಟು ದಪ್ಪ ಅನ್ನೋದೇ ಗೊತ್ತಾಗಲ್ಲ, ಫ್ಲ್ಯಾಶ್ ಹತ್ರದಿಂದ ಹೊಡೆದ್ರೆ ಬಿಳಿ ಬೆಳಗಿ ಇನ್ನೂ ದಪ್ಪ ಕಾಣುತ್ತೆ. ಬೆಳಿಗ್ಗೆ ತಂಪಿರೋವಾಗ ಹೋದ್ರೆ ಅಷ್ಟು ಬೇಗ ಹಾರಲ್ಲ, ಹಿಂರೆಕ್ಕೆನೂ ಸ್ವಲ್ಪ ಕಾಣೋ ಹಾಗೆ ಎರಡು ಮೂರು ಫೋಟೋ ತೆಗೆದಿಟ್ಕೊಳ್ಳಿ.